ಜಂಪಣ್ಣ ಭಾವನ ತೇಗು

ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ನನಗೂ ಅಕ್ಕನ ಗಂಡ ಜಂಪಣ್ಣನಿಗೂ ಒಂದೇ ಕಾಯಿಲೆ. ಎದೆಗೂ ಹೊಟ್ಟೆಗೂ ನಡುವೆ ಅನ್ನನಾಳ ಹಾದುಬರುವ ಕಿಂಡಿ ಹಿಗ್ಗಿ, ಹೊಟ್ಟೆ ಎದೆಗೂಡಿಗೆ ನುಗ್ಗುತ್ತಿತ್ತು. ನಾನು ಆಪರೇಷನ್ ಮಾಡಿಸಿ, ಕಿಂಡಿ ಬಿಗಿಸಿ, ಅದಕ್ಕೆ ಮೆಶ್ ಅನ್ನೋ ಬಲೆ ಹೊಲಿಸಿಕೊಂಡೆ. ಆ ಪೆದ್ದ, "ಹೊಟ್ಟ್ಯಾಗೆ ಸೊಳ್ಳೆಪರದೆ ಯಾಕಲೇ ಪರಸಾ?" ಎಂದು ನಕ್ಕು ವಿಭೂತಿ ನೆಕ್ಕುತ್ತ ಕೂತ. ಕೊನೆಗೆ ಹೊಟ್ಟೆ ಎದೆಯೊಳಗೇ ತಿರುಚಿಕೊಂಡು ಸತ್ತ. ಡಾಕ್ಟರ ಬಲೆ ಬೇಡವೆಂದವನು ಯಮನ ಬಲೆಗೆ ಬಿದ್ದನೆಂದು ಜಗಳೂರಿನ ತುಂಬ ಆಡಿಕೊಂಡೆ. ನನ್ನ ಆಪರೇಷನ್ನಿಗೆ ಮುಂಚೆ ಅವನ ತೇಗನ್ನೂ ಅಣಕಿಸಿ ಊರನ್ನು ನಗಿಸುತ್ತಿದ್ದವನು ನಾನು.

ತಿಥಿಯ ಮಧ್ಯಾಹ್ನ ಅಕ್ಕ ಕೆಂಪಕ್ಕ ಅವನಿಗೆ ಮುದ್ದೆ, ಹುರುಳಿ ಸಾರಿನ ಎಡೆ ಇಟ್ಟಳು. ಎಲ್ಲರೂ ಕೈಮುಗಿದು ನಿಂತಿದ್ದಾಗ, ನನ್ನೊಳಗೆ ಬಲೆ ಇರುವ ಜಾಗ ಒಂದು ಕೊಡ ನೀರು ಸುರಿದಂತೆ ತಣ್ಣಗಾಯಿತು. "ಅಬ್... ಶಿವಾ!" ಎಂದು ನನ್ನೆದೆಯೊಳಗಿಂದ ಅವನದೇ ತೇಗು ಕೇಳಿಸಿತು. ಎಲ್ಲರೂ ನನ್ನನ್ನೇ ನೋಡಿದರು.

"ಸತ್ತೋರನ್ನೂ ಅಣಕಿಸ್ತೀಯೇನೋ? ಇನ್ಮ್ಯಾಗೆ ನನ್ನ ಹೊಸ್ತಿಲು ತುಳಿಬ್ಯಾಡ!" ಅಂದಳು ಅಕ್ಕ.

"ನಾನಲ್ಲ ಅಕ್ಕಾ..." ಎನ್ನಲು ಬಾಯಿ ತೆರೆದೆ. ನಾಲಿಗೆಗೆ ಹುರುಳಿ ಸಾರಿನ ರುಚಿ ಹತ್ತಿತು.

ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಆ ಕಿಂಡಿ ಬಿಗಿಸಿದ ಮೇಲೆ ನನಗೆ ಒಂದು ತೇಗೂ ಬಂದಿಲ್ಲ.