ಜಂಬಣ್ಣ ಒತ್ತದ ಗುಂಡಿ

ಹೊಸಪೇಟೆಯ ಅಂಗಕೃಷಿ ಕೇಂದ್ರದ ಗಣಕದಲ್ಲಿ ಆ ಸೋಮವಾರ 'ನುಡಿಗುಂಡಿ' ಮೊದಲ ಸಲ ಕೆಲಸ ಶುರು ಮಾಡಿತು. ಗುಮಾಸ್ತ ಜಂಬಣ್ಣ ಬೆರಳೆತ್ತಿದವರು ಹಾಗೇ ಕೂತುಬಿಟ್ಟರು.

ಅಲ್ಲಿ ರೋಗಿಯ ಜೀವಕೋಶದಿಂದಲೇ ಕಣ್ಣಿನ ಹೊಸ ಕಾರ್ನಿಯಾ ಪಟಲ ಬೆಳೆಸುತ್ತಿದ್ದರು. ಮೂರು ಸಲ ಫೋನ್ ಮಾಡಿದರೂ ರೋಗಿ ಸಿಗದಿದ್ದರೆ, ಬೆಳೆಸುವ ತಟ್ಟೆ ಇನ್ನೊಬ್ಬರಿಗೆ ಬೇಕಲ್ಲ, ಗಣಕವು ಪರದೆಯ ಮೇಲೆ ಕೇಳುತ್ತಿತ್ತು: 'ಕಡತ ೪೧೧೭ ವಿಲೇವಾರಿ ಮಾಡಲೇ?' ಕೆಳಗೆ 'ಸರಿ', 'ಬೇಡ'. ಜಂಬಣ್ಣ ಹನ್ನೊಂದು ವರ್ಷ ಓದುವ ಗೋಜಿಗೇ ಹೋಗದೆ 'ಸರಿ' ಒತ್ತಿದ್ದರು.

ಕೆಲಸ ಇನ್ನೂ ಚುರುಕಾಗಲೆಂದು ವಿಜ್ಞಾನಿ ನಿರುಪಮಾ ನುಡಿಗುಂಡಿ ರೂಪಿಸಿದ್ದರು. ಅದು ಕಡತ ಓದಿ, ಒತ್ತಿದರೆ ನಿಜವಾಗಿ ಏನಾಗುತ್ತದೋ ಅದನ್ನೇ ಗುಂಡಿಯ ಮೇಲೆ ಬರೆಯುತ್ತಿತ್ತು. ಇವತ್ತು ಬರೆದಿದ್ದು: 'ಹುಲಿಗೆಮ್ಮನ ಕಣ್ಣು ಎಸೆದುಬಿಡಿ', 'ಹುಲಿಗೆಮ್ಮ ಬರುವತನಕ ಇಟ್ಟಿರಿ'.

"ಯಾಕೆ ಜಂಬಣ್ಣನವರೇ, ಅಕ್ಷರ ಚಿಕ್ಕದಾಯಿತೆ?" ಎಂದರು ನಿರುಪಮಾ.

"ಅಕ್ಷರ ಬೇಷ್ ಅದಾವ್ರಿ ಮೇಡಂ. ಕೈ ಏಳವಲ್ದು."

"ಮೂರು ಸಲ ಕರೆ ಮಾಡಿದ್ದೀರಲ್ಲ?"

"ಹುಲಿಗೆಮ್ಮ ಕುರಿ ಕಾಯೋರ್ರಿ, ಕಡತದಾಗ ಐತಿ. ಜಾಲಿಮುಳ್ಳು ಬಡಿದು ಇದ್ದೊಂದು ಕಣ್ಣೂ ಮಂಜಾಗೈತಿ. ಅಡವ್ಯಾಗ ಫೋನ್ ಎಲ್ಲಿ ಹತ್ತತೈತ್ರಿ?"

ಕಡತಗಳು ರಾಶಿ ಬಿದ್ದಿದ್ದವು. ಜಂಬಣ್ಣ ಮಾತ್ರ, ಕೊಯ್ಲಾದ ಹೊಲಗಳಲ್ಲಿ ಕುರಿ ನಿಲ್ಲಿಸುವ ಊರುಗಳನ್ನು ನೆನೆನೆನೆದು ಅಲ್ಲಿನ ಒಂದೊಂದೇ ಅಂಗಡಿಗೆ ಫೋನ್ ಹಚ್ಚಿದರು. ಒಂಬತ್ತನೆಯ ಅಂಗಡಿಯವನು, "ನಮ್ಮ ಹೊಲದಾಗೇ ಅದಾರ್ರಿ" ಎಂದ. ಯಂತ್ರ ಚುರುಕೋ ಅಲ್ಲವೋ, ಈ ಮನುಷ್ಯನ ಪಟ್ಟು ದೊಡ್ಡದು.

ಬುಧವಾರ ಹುಲಿಗೆಮ್ಮ ಗಂಡನ ಕೋಲಿನ ತುದಿ ಹಿಡಿದುಕೊಂಡು ಬಂದಳು. ಹೊಸ ಪಟಲ ಕೂರಿಸಿ ಹತ್ತು ದಿನಕ್ಕೆ ಕಣ್ಣಿನ ಪಟ್ಟಿ ಬಿಚ್ಚಿದಾಗ ಜಂಬಣ್ಣನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನಾ ನನ್ನ ಹುಡುಕ್ಸಿದಾವ? ದನಿ ಕೇಳಿ ಹುಡುಗ ಅನ್ಕೊಂಡಿದ್ನೆಪ್ಪ, ಮುದುಕ ಅದೀಯಲ್ಲೋ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಜಂಬಣ್ಣ ನಗಲಿಲ್ಲ. ಆಕೆ ಹೋದ ಮೇಲೆ ನಿರುಪಮಾರ ಬಳಿಗೆ ಬಂದರು.

"ಮೇಡಂ, ಹನ್ನೊಂದು ವರ್ಷ 'ಸರಿ' ಒತ್ತೀನ್ರಿ. ಅವೆಲ್ಲ ಯಾರ ಕಣ್ಣು?"

ನಿರುಪಮಾ ಹಳೆಯ ವಿಲೇವಾರಿ ಪಟ್ಟಿ ತೆರೆದರು. ಸಾವಿರದ ಮುನ್ನೂರ ಆರು ಹೆಸರು.

"ಅವನ್ನ ಮತ್ತ ಬೆಳೆಸಾಕ ಬರತೈತಿಲ್ರಿ?"

"ಬರುತ್ತದೆ. ಆದರೆ ಜೀವಕೋಶ ಕೊಡಲು ಮೊದಲು ಅವರೆಲ್ಲ ಸಿಗಬೇಕಲ್ಲ?"

"ಅದು ನನ್ನ ಕೆಲಸ. ನೀವು ಹೆಸರು ಓದ್ರಿ" ಎಂದು ಜಂಬಣ್ಣ ಫೋನ್ ಹತ್ತಿರಕ್ಕೆ ಎಳೆದುಕೊಂಡರು.