ಕಿವಿ ಮೇಷ್ಟ್ರು ನೀರಿಗಿಳಿದ ದಿನ

ವರ್ಷಕ್ಕೊಮ್ಮೆ, ಅರ್ಧ ನಿಮಿಷದ ಮಟ್ಟಿಗೆ, ಇನ್‌ಸುಕ್ ಮಾತಾಡುವಂತಿರಲಿಲ್ಲ, ಉಗುಳು ನುಂಗುವಂತಿರಲಿಲ್ಲ. ಕಿವಿಯೊಳಗೆ ಮೆತ್ತನೆಯ ರಬ್ಬರ್ ತುದಿ ಕೂತಿರುತ್ತಿತ್ತು. ಯಂತ್ರ ಒಳಗಿನ ಗಾಳಿಯನ್ನು ತುಸು ಒತ್ತುತ್ತಿತ್ತು, ತುಸು ಹೀರುತ್ತಿತ್ತು. ಆಗ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ, ಗಿತೇಕನ ಮುಖ.

ಜೇಜು ದ್ವೀಪದ ಆ ಊರಿನ ಆರೋಗ್ಯ ಕೇಂದ್ರದಲ್ಲಿ, ಉಸಿರು ಕಟ್ಟಿ ಕಡಲಿಗೆ ಮುಳುಗಿ ಚಿಪ್ಪು ತೆಗೆಯುವ ಹೆಂಗಸರ ಕಿವಿ ಪರೀಕ್ಷಿಸುವುದು ಆರು ವರ್ಷದಿಂದ ಅವನ ಕೆಲಸ. ಹೆಂಗಸರ ಬಾಯಲ್ಲಿ ಅವನು ಕಿವಿ ಮೇಷ್ಟ್ರು. ವಯಸ್ಸು ಐವತ್ತು ದಾಟಿತ್ತು. ಯಾರಾದರೂ ಮದುವೆಯ ಮಾತೆತ್ತಿದರೆ ಯಂತ್ರ ಒರೆಸಲು ಎದ್ದುಬಿಡುತ್ತಿದ್ದ. ಹೋದ ವರ್ಷ ಅವನ ಎಡಹುಬ್ಬಿನಲ್ಲಿ ಒಂದು ಬಿಳಿಕೂದಲಿತ್ತು. ಈ ವರ್ಷ ಮೂರು. ಎಣಿಸಿ ಮುಗಿಯುವಷ್ಟರಲ್ಲಿ ಯಂತ್ರ ಟಿಕ್ಕೆಂದಿತು.

"ಈಗ ಉಗುಳು ನುಂಗಬಹುದು," ಅಂದ ಗಿತೇಕ್. "ಬೈಯೋದಿದ್ರೆ ಬೈಬಹುದು."

"ಕಟ್ಟಿಟ್ಟಿದ್ದೆಲ್ಲ ಒಟ್ಟಿಗೆ ಬಂದೀತು ಮೇಷ್ಟ್ರೇ. ತಡ್ಕೋತೀರಾ?"

"ಆರು ವರ್ಷದಿಂದ ತಡ್ಕೊಂಡೇ ಇದೀನಲ್ಲ."

ಹೇಳಿದ ಮೇಲೆ ಅವನ ಕಿವಿಯೇ ಕೆಂಪಾಯಿತು. ಆದರೆ ಯಂತ್ರದ ಪರದೆಯತ್ತ ತಿರುಗಿದ್ದೇ ಅವನ ನಗು ಇಂಗಿಹೋಯಿತು. ಡಾಕ್ಟರನ್ನು ಕರೆದು ತರುತ್ತೇನೆ, ಏಳಬೇಡಿ ಎಂದು ಹೇಳಿ ಹೊರಗೆ ಹೋದ.

ಇನ್‌ಸುಕ್‌ಳ ಕಣ್ಣು ಬಾಗಿಲಿಗೆ ಹೋಯಿತು. ಕಿವಿ ಕೆಟ್ಟವಳನ್ನು ಆಳದ ನೀರಿಗೆ ಬಿಡಬಾರದೆಂಬುದು ಗುಂಪಿನ ಹಿರಿಯಳಾದ ಯಾಂಗ್ ದೊಡ್ಡಮ್ಮನ ಕಟ್ಟಳೆ. ಇನ್‌ಸುಕ್‌ಳ ಗಂಡ ತೀರಿಹೋಗಿ ಎಂಟು ವರ್ಷವಾಗಿತ್ತು, ಅದರ ಹಿಂದೆಯೇ ತಾಯಿ. ನಲವತ್ತೇಳರ ಅವಳಿಗೆ ಬೆಳಗ್ಗೆ ಏಳಲು ಉಳಿದ ಕಾರಣ ಕಡಲೊಂದೇ. ಅವಳು ಬಗ್ಗಿ ಪರದೆ ನೋಡಿದಳು. ಎಡಗಿವಿಯ ಗೆರೆ ಅಲೆಯಂತೆ ಎದ್ದು ನಿಂತಿತ್ತು. ಬಲಗಿವಿಯದು ಗಾಳಿಯಿಲ್ಲದ ದಿನದ ಕಡಲಿನಂತೆ ಸಪಾಟಾಗಿತ್ತು.

ಹಾಗಾದರೆ ಕೆಟ್ಟಿರುವುದು ಎಡಗಿವಿ. ಆಳಕ್ಕೆ ಇಳಿದಾಗ ಹಿಂಡುತ್ತಿದ್ದದ್ದೂ ಅದೇ ತಾನೇ? ಬಲಗಿವಿ ಹೋದ ಚಳಿಗಾಲದಲ್ಲಿ ಜೀವ ಹೋಗುವಷ್ಟು ನೋಯುತ್ತಿತ್ತು. ಒಂದು ದಿನ ಟಪ್ಪೆಂದು ಏನೋ ಬಿಟ್ಟುಕೊಂಡ ಹಾಗಾಗಿ ನೋವೆಲ್ಲ ಮಾಯ. ಆಮೇಲೆ ಎಷ್ಟು ಆಳಕ್ಕೆ ಇಳಿದರೂ ಅದು ಹಿಂಡುತ್ತಿರಲಿಲ್ಲ. ವಾಸಿಯಾಗಿತ್ತು, ಪುಣ್ಯ. ಡಾಕ್ಟರು ಬಂದು ಬೇಡ ಅನ್ನುವ ಮೊದಲೇ ಹೊರಟುಬಿಡುವುದು ಲೇಸು. ನರ್ಸಿನ ಹತ್ತಿರ, ಬಲಗಡೆ ಕಡಲು ಶಾಂತವಾಗಿದೆಯಮ್ಮ, ಅಲೆ ಎಡಗಡೆ ಇದೆ, ಜೋಪಾನ ಮಾಡ್ಕೋತೀನಿ ಅಂತ ಹೇಳಿ ಹೊರಬಿದ್ದಳು.

ನೀರಿಳಿತದ ಹೊತ್ತು. ದಡದಲ್ಲಿ ಹೆಂಗಸರು ಮುಳುಗಲು ಭಾರವಿರಲೆಂದು ಸೊಂಟಕ್ಕೆ ಸೀಸದ ಪಟ್ಟಿ ಬಿಗಿಯುತ್ತಿದ್ದರು. ಇನ್‌ಸುಕ್ ಚೂಯಿಂಗ್‌ಗಮ್ ಅಗಿದು, ಎಲ್ಲರೂ ಮಾಡುವಂತೆ ನೀರು ನುಗ್ಗದಿರಲೆಂದು ಕಿವಿಗೆ ಮೆತ್ತಿದಳು. ಎಡಗಿವಿಗೆ ಮಾತ್ರ. ಬಲಗಿವಿಯನ್ನು ತೆರೆದೇ ಬಿಟ್ಟು ನೀರಿಗಿಳಿದಳು.

ಸೊಂಟದವರೆಗೆ ನೀರು ಬಂದಿತ್ತು. ಹಿಂದೆ ಹೆಂಗಸರು ಗೊಳ್ಳೆಂದು ನಕ್ಕದ್ದು ಕೇಳಿ ತಿರುಗಿದಳು. ಬಿಳಿಕೋಟು, ಷೂ ಸಮೇತ ಗಿತೇಕ್ ನೀರಲ್ಲಿ ಬರುತ್ತಿದ್ದ. ಪಾಚಿಗೆ ಎರಡು ಸಲ ಜಾರಿದ. ಮೂರನೆಯ ಸಲ ಜಾರಿದವನು ಅವಳ ತೋಳು ಹಿಡಿದು ನಿಂತ.

"ನರ್ಸ್ ಹೇಳಿದ್ರು. ಆ ಸಪಾಟು ಗೆರೆ ಒಳ್ಳೇದಲ್ಲ, ಇನ್‌ಸುಕ್," ಅಂದ. ಆರು ವರ್ಷದಲ್ಲಿ ಮೊದಲ ಸಲ 'ಅವರೇ' ಬಿಟ್ಟಿದ್ದ. "ಕಿವಿತಮಟೆ ಗಾಳಿಗೆ ಅಲುಗಿದ್ರೆ ಗೆರೆ ಏಳುತ್ತೆ. ನಿಮ್ಮ ಬಲಗಿವೀಲಿ ಅಲುಗೋಕೆ ತಮಟೆನೇ ಸರಿಯಾಗಿಲ್ಲ. ತೂತು ಬಿದ್ದಿದೆ. ಡಾಕ್ಟ್ರೂ ಗೆರೆ ನೋಡಿ ಈಗಷ್ಟೇ ಅದನ್ನೇ ಹೇಳಿದ್ರು. ತಣ್ಣೀರು ಒಳಗೆ ನುಗ್ಗಿದ್ರೆ ತಲೆ ತಿರುಗುತ್ತೆ. ಆಳದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗಲ್ಲ."

ಇನ್‌ಸುಕ್ ಮೊದಲು ಸಿಟ್ಟಾದಳು. ಸುಮ್ಮನೆ ಚೆನ್ನಾಗಿದೆ ಅಂತ ಬರೆದುಬಿಡಿ, ನನಗಿರೋದು ಇದೊಂದೇ ಅಂದಳು. ಅವನು ಬರೆಯಲಾರೆ ಅಂದ. ಆಗ ಅವಳಿಗೆ ತಾನು ಯಾವ ಕಿವಿಯನ್ನು ಮುಚ್ಚಿ ಯಾವುದನ್ನು ತೆರೆದಿಟ್ಟಿದ್ದೆನೆಂದು ಹೊಳೆಯಿತು. ಅಂಗೈಯಿಂದ ಬಲಗಿವಿ ಮುಚ್ಚಿಕೊಂಡಳು.

ದಡದಿಂದ ಯಾಂಗ್ ದೊಡ್ಡಮ್ಮನ ದನಿ ಬಂತು. "ಇಬ್ಬರೂ ಮೇಲೆ ಬನ್ನಿ. ಕಿವಿ ರಿಪೇರಿ ಆಗೋವರೆಗೂ ಅವಳು ನೀರು ಮುಟ್ಟೋ ಹಾಗಿಲ್ಲ. ಮೇಷ್ಟ್ರಂತೂ ಈಜು ಕಲಿಯೋವರೆಗೂ."

ಬೇಸಗೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕಿವಿಯ ಹಿಂದಿನಿಂದ ತೆಗೆದ ತೆಳ್ಳನೆಯ ಪೊರೆಯನ್ನು ತೂತಿಗೆ ಹೊದಿಸಿದರು. ಮೂಗು ಸೀಟಬಾರದು, ಭಾರ ಎತ್ತಬಾರದು, ಸ್ನಾನಕ್ಕೂ ಹತ್ತಿ ಇಟ್ಟುಕೊಳ್ಳಬೇಕು. ಗಿತೇಕ್ ಭಾನುವಾರಗಳಲ್ಲಿ ಚಿಪ್ಪಿನ ಗಂಜಿ ತರುತ್ತಿದ್ದ. ಉಪ್ಪು ಯಾವತ್ತೂ ಹೆಚ್ಚೇ. ಇನ್‌ಸುಕ್ ಒಮ್ಮೆಯೂ ಹೇಳಲಿಲ್ಲ. ಉಪ್ಪಾದರೂ ಬಿಸಿಯಾಗಿತ್ತು, ತನಗಾಗಿ ಯಾರೋ ಒಲೆಯ ಮುಂದೆ ನಿಂತು ಕಲಕಿದ್ದಾಗಿತ್ತು. ಬಟ್ಟಲು ಖಾಲಿ ಮಾಡಿಯೇ ಕೊಡುತ್ತಿದ್ದಳು.

"ವಾಸಿಯಾದ್ರೆ ನಾನು ಮತ್ತೆ ಕಡಲಿಗೆ ಹೋಗೋಳೇ," ಅಂದಳು ಒಂದು ಭಾನುವಾರ. "ಆಗ ಅಡ್ಡ ಬರಬೇಡಿ."

"ಬರಲ್ಲ," ಅಂದ. "ಆದ್ರೆ ವರ್ಷಕ್ಕೆ ಅರ್ಧ ನಿಮಿಷ ನಿಮ್ಮ ಮುಖ ನೋಡಿ ನನಗೆ ಸಾಕಾಗಲ್ಲ."

ಅವಳು ಗಂಜಿಯ ಬಟ್ಟಲನ್ನು ಎರಡು ಸಲ ತೊಳೆದಳು.

ಮುಂದಿನ ವಸಂತದಲ್ಲಿ ಡಾಕ್ಟರು ಒಪ್ಪಿದರು, ತೀರದ ಹತ್ತಿರದ ನೀರಿಗೆ ಮಾತ್ರ. ಮೊದಲ ದಿನ ಇನ್‌ಸುಕ್ ಕಡಲಿಗೆ ಕಾಣಿಕೆಯೆಂದು ಒಂದು ಹಿಡಿ ನವಣೆ ಎರಚಿದಳು. ನನ್ನನ್ನು ಕೊಂಡೊಯ್ಯದೆ ಬಿಟ್ಟೆಯಲ್ಲ ತಾಯೀ, ಎಂದು ಮನಸ್ಸಿನಲ್ಲೇ ಕೈಮುಗಿದಳು. ಸಂಜೆ ಸಮೀಪಿಸುವವರೆಗೂ ಮುಳುಗಿದಳು, ಎದ್ದಳು, ಮುಳುಗಿದಳು. ಎರಡೂ ಕಿವಿ ಹಿಂಡಿದವು; ಮೂಗು ಹಿಡಿದು ಒಳಗಿನಿಂದ ಗಾಳಿ ತಳ್ಳಿದಾಗ ಎರಡೂ ಬಿಟ್ಟುಕೊಂಡವು. ನೀರೊಳಗೇ ಅತ್ತಳು. ಅಲ್ಲಿ ಅತ್ತರೆ ಯಾರಿಗೂ ಕಾಣದು.

ಮುಳುಗಿದವಳು ದಡ ಸೇರುವಾಗ ಮನೆಯವರು ನೀರಿನಂಚಿಗೆ ಬಂದು ಅವಳ ಚಿಪ್ಪು ತುಂಬಿದ ಬಲೆಚೀಲ ಹೊರುವುದು ಅಲ್ಲಿಯ ರೂಢಿ. ಒಬ್ಬಳಿಗೆ ಗಂಡ, ಇನ್ನೊಬ್ಬಳಿಗೆ ಸೊಸೆ. ತಾಯಿ ಹೋದಂದಿನಿಂದ ಇನ್‌ಸುಕ್ ತನ್ನ ಚೀಲವನ್ನು ತಾನೇ ಎಳೆದುಕೊಂಡು ಹತ್ತಿದ್ದಳು.

ಇವತ್ತು ಕಲ್ಲುಗಳ ನಡುವೆ, ಪ್ಯಾಂಟು ಮಡಚಿಕೊಂಡು ಗಿತೇಕ್ ನಿಂತಿದ್ದ. ಕೈ ಮುಂದೆ ಚಾಚಿರಲಿಲ್ಲ. ಕೇಳದೆ ಚೀಲ ಮುಟ್ಟಬಾರದೆಂದು ಯಾರೋ ಹೇಳಿಕೊಟ್ಟಿರಬೇಕು.

"ಹೊರೆ ಹೊರೋಕೆ ಬಂದಿದಾನೋ, ಹೊರೆ ಆಗೋಕೆ ಬಂದಿದಾನೋ ಕೇಳೇ," ಅಂದಳು ಯಾಂಗ್ ದೊಡ್ಡಮ್ಮ.

ಇನ್‌ಸುಕ್ ಕೇಳಲಿಲ್ಲ. ಎಲ್ಲರೂ ನೋಡುತ್ತಿದ್ದರು. ಅವಳು ನೀರು ಸುರಿಯುವ ಚೀಲವನ್ನು ಎತ್ತಿ, ಅದರ ಪಟ್ಟಿಯನ್ನು ಅವನ ಭುಜಕ್ಕೆ ಹಾಕಿ, ಜಾರದಂತೆ ಸರಿಪಡಿಸಿದಳು.

"ನಿಧಾನಕ್ಕೆ ನಡೀರಿ," ಅಂದಳು. "ಮನೆ ದೂರ ಏನಿಲ್ಲ."