ಬೆರಳ ಸಂದಿಯ ಮರಳು

ಇಪ್ಪತ್ತು ವರ್ಷ ವಾಲಿಬಾಲ್ ಕಲಿಸಿದವಳನ್ನು ಕಾಲೇಜು ಇಪ್ಪತ್ತು ವರ್ಷವೂ ತಾತ್ಕಾಲಿಕ ಕೋಚ್ ಎಂದೇ ಇಟ್ಟುಕೊಂಡಿತ್ತು. ಪ್ರತಿ ಬೇಸಿಗೆ ರಜೆಗೆ ಕೆಲಸದಿಂದ ತೆಗೆಯುತ್ತಿತ್ತು. ರಜೆ ಮುಗಿದ ಮೇಲೆ ಮತ್ತೆ ಕರೆಯುತ್ತಿತ್ತು. ಅವಳ ಹೆಣ ಸಿಕ್ಕಿದ್ದು ಕಾಲೇಜಿನ ಹಿಂದಿನ ಗೇಟಿನ ಆಚೆ, ರಸ್ತೆಯಂಚಿನ ಜಲ್ಲಿಯ ಮೇಲೆ.

ಮೊದಲು ನೋಡಿದವನು ಹಾಲಿನ ವ್ಯಾನಿನ ಡ್ರೈವರ್. ಯಾರೋ ಮಲಗಿದ್ದಾರೆ ಅಂದುಕೊಂಡು ಹಾರ್ನ್ ಹೊಡೆದ. ಇಳಿದು ಬಂದು ನೋಡಿದ. ಆಮೇಲೆ ಪೊಲೀಸರಿಗೆ ಫೋನ್ ಮಾಡಿದ.

ಇನ್‌ಸ್ಪೆಕ್ಟರ್ ಬಂದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅವಳು ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಹೆಣದ ಮೇಲೆ ಟ್ರ್ಯಾಕ್ ಪ್ಯಾಂಟು, ಕುತ್ತಿಗೆಯಲ್ಲಿ ಸೀಟಿ, ಕಾಲಲ್ಲಿ ಬಿಗಿಯಾಗಿ ಕಟ್ಟಿದ ಶೂ. ನೆತ್ತಿ ಒಡೆದಿತ್ತು.

"ಗುದ್ದಿ ಓಡಿಹೋಗಿದ್ದಾನೆ ಮೇಡಂ" ಎಂದ ದಫೇದಾರ. "ನೀರಿನ ಟ್ಯಾಂಕರ್‌ನವನೊಬ್ಬ ಈ ರಸ್ತೇಲಿ ವಿಮಾನ ಓಡಿಸ್ದಂಗೆ ಓಡಿಸ್ತಾನೆ. ಅವನದ್ದೇ ಕೆಲಸ."

"ತಲೆ ಇಷ್ಟು ಒಡೆದಿದೆ. ಜಲ್ಲಿ ಮೇಲೆ ರಕ್ತ ಎಲ್ಲಿ?"

ದಫೇದಾರ ಜಲ್ಲಿ ನೋಡಿದ. ತಲೆ ಕೆರೆದುಕೊಂಡ. "ಹೀರಿಕೊಂಡಿರಬೇಕು."

"ಜಲ್ಲಿ ಏನ್ ಸ್ಪಂಜಾ ರೀ?"

* * *

ಶವಾಗಾರಕ್ಕೆ ಬಂದವಳು ಸತ್ತವಳ ಅಕ್ಕ. ಬಟ್ಟೆ ಹೊಲಿಯುವವಳು. ಅಳತೆಯ ಟೇಪು ಕೊರಳಲ್ಲೇ ಇತ್ತು, ತೆಗೆಯಲು ಮರೆತಿದ್ದಳು. ಮುಖ ನೋಡಿದಳು, ಹೌದು ಎಂದಳು. ಆಮೇಲೆ ಕಾಲಿನ ಕಡೆ ಹೋದಳು.

"ಶೂ ಬಿಚ್ಚಲಾ? ಇಷ್ಟು ಬಿಗಿ ಅವಳು ಹಾಕ್ಕೊಳಲ್ಲ."

ಇನ್‌ಸ್ಪೆಕ್ಟರ್ ತಡೆದು, ಮೊದಲು ಫೋಟೊ ತೆಗೆಸಿದಳು. ಎಡಗಾಲಿನ ಲೇಸು ಮುಟ್ಟದೆ ಹಿಮ್ಮಡಿಯಿಂದ ಶೂ ಎಳೆಸಿದಳು. ಬರಲಿಲ್ಲ. ಅಷ್ಟು ಬಿಗಿ. ಕೊನೆಗೆ ಬಲಗಾಲಿನದನ್ನು ಬಿಚ್ಚಬೇಕಾಯಿತು. ಕಾಲುಚೀಲ ಜಾರಿದಾಗ ನೆಲದ ಮೇಲೆ ಮರಳು ಸುರಿಯಿತು. ಬೆರಳ ಸಂದಿಯಲ್ಲೆಲ್ಲ ಮರಳು.

ಅಕ್ಕ ಅದನ್ನೇ ನೋಡುತ್ತ ನಿಂತಳು.

"ಇದು ಅವಳು ಹಾಕ್ಕೊಂಡಿದ್ದಲ್ಲ ಮೇಡಂ."

"ಹೇಗೆ ಹೇಳ್ತೀರಿ?"

"ಅವಳಿಗೆ ಎರಡು ಕೋರ್ಟು. ಒಂದು ಹಾಲ್‌ನೊಳಗೆ, ಮರದ ನೆಲ. ಇನ್ನೊಂದು ಹೊರಗೆ, ಮರಳಿಂದು. ಒಂದು ಕಾಳು ಮರಳು ಒಳಗೆ ಹೋದ್ರೂ ಮರದ ನೆಲ ಗೀರಿಹೋಗುತ್ತೆ ಅಂತ ಪ್ರಾಣ ಬಿಡ್ತಿದ್ಳು. ಮರಳಿಂದ ಎದ್ದರೆ ನಲ್ಲಿ ಹತ್ರ ಕೂತು ಬೆರಳ ಸಂದಿ ತೊಳೀಬೇಕು. ಒರೆಸಬೇಕು. ಆಮೇಲೆ ಶೂ. ಹುಡುಗೀರಿಗೆಲ್ಲ ಅದೇ ಕಾನೂನು. ನಮ್ಮನೆ ನೆಲ ಸಿಮೆಂಟಿಂದು, ಅಲ್ಲೂ ಬಿಡ್ತಿರಲಿಲ್ಲ. ನನಗೇ ಕಾಲು ತೊಳಿ ಅಂತಿದ್ಳು, ದೊಡ್ಡವಳು ಅನ್ನೋದೂ ಇಲ್ಲ."

"ಶೂ ಬಿಗಿ ಅಂದಿರಲ್ಲ, ಅದು?"

ಅಕ್ಕ ತಂಗಿಯ ಬಲಗೈ ಎತ್ತಿ ತೋರಿಸಿದಳು. ಹೆಬ್ಬೆರಳು ಮರದ ತುಂಡಿನ ಹಾಗೆ ನೆಟ್ಟಗಿತ್ತು. "ಆಡೋ ಕಾಲದಲ್ಲಿ ಬ್ಲಾಕ್ ಮಾಡೋಕೆ ಹೋಗಿ ಮುರ್ಕೊಂಡ್ಳು. ಆಮೇಲೆ ಮಡಿಸೋಕೇ ಬರಲಿಲ್ಲ. ಲೇಸ್ ಕಟ್ಟೋಳು ನಾನು. ಹೊಸ ಶೂ ತಂದಾಗ ಒಂದ್ಸಲ ಸಡಿಲವಾಗಿ ಕಟ್ಟಿಕೊಡ್ತಿದ್ದೆ. ಹರಿಯೋವರೆಗೂ ಹಾಗೇ ಚಪ್ಪಲಿ ಥರ ಮೆಟ್ಟಿಕೊಂಡು ಹೋಗ್ತಿದ್ಳು. ಇದು ನನ್ನ ಗಂಟಲ್ಲ."

ಇನ್‌ಸ್ಪೆಕ್ಟರ್ ಎಡಗಾಲಿನ ಗಂಟನ್ನು ಬಗ್ಗಿ ನೋಡಿದಳು. ಎರಡು ಸಲ ಬಿಗಿದ ಗಂಟು. ಉಳಿದ ತುದಿಗಳನ್ನು ಅಡ್ಡ ಲೇಸಿನ ಕೆಳಗೆ ಒತ್ತಿ ಸಿಕ್ಕಿಸಲಾಗಿತ್ತು.

ವೈದ್ಯರು ಕೈ ಒರೆಸಿಕೊಳ್ಳುತ್ತ ಬಂದರು. "ಗಾಡಿ ಏಟು ಪಕ್ಕದಿಂದ ಬೀಳುತ್ತೆ. ಇದು ಮೇಲಿಂದ ಬಿದ್ದಿದೆ. ಏನೋ ಭಾರದ್ದು." ಅಕ್ಕ ಕೇಳದ ಹಾಗೆ ದನಿ ಇಳಿಸಿದರು. "ತಕ್ಷಣ ಹೋಗಿಲ್ಲ. ಹೊತ್ತು ಹಿಡಿದಿದೆ. ಬೇಗ ತಂದಿದ್ದರೆ..."

ಅಕ್ಕನಿಗೆ ಕೇಳಿಸಿತ್ತು. ಕೊರಳ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಕಾಲೇಜಿನವರು ಬಂದಿದ್ರು ಮೇಡಂ" ಎಂದಳು. "ಕೆಲಸ ಮುಗಿಸಿ ಮನೆಗೆ ಹೋಗ್ತಾ ರಸ್ತೇಲಿ ಸತ್ತಳು ಅಂತ ಬರೆದುಕೊಡಿ ಅಂದ್ರು. ಬದುಕಿರೋವರೆಗೂ ಅವಳನ್ನ ನಮ್ಮವಳು ಅನ್ನಲಿಲ್ಲ. ಎಲ್ಲಿ ಸತ್ತಳು ಅನ್ನೋದನ್ನಾದ್ರೂ ಸರಿಯಾಗಿ ಹೇಳ್ಸಿ. ನಂಗೆ ಬೇರೇನೂ ಬೇಡ."

* * *

ಕಾಲೇಜು ಆಡಳಿತ ಮಂಡಳಿಯ ಕಾರ್ಯದರ್ಶಿಯ ಕೋಣೆಯ ಗೋಡೆ ತುಂಬ ಟ್ರೋಫಿ ಗೆದ್ದ ಫೋಟೊಗಳು. ಪ್ರತಿಯೊಂದರಲ್ಲೂ ಟ್ರೋಫಿ ಹಿಡಿದವರು ಕಾರ್ಯದರ್ಶಿಯೇ. ಕೋಚನ್ನು ಇನ್‌ಸ್ಪೆಕ್ಟರ್ ಹುಡುಕಿದಳು. ಒಂದರಲ್ಲಿ ಅಂಚಿಗೆ ಅರ್ಧ ಮುಖ ಇತ್ತು. ಇನ್ನೊಂದರಲ್ಲಿ ಸೀಟಿ ಹಿಡಿದ ಕೈ ಮಾತ್ರ.

"ನಮಗೂ ತುಂಬಾ ದುಃಖ ಆಗಿದೆ" ಎಂದರು ಕಾರ್ಯದರ್ಶಿ. "ನಾಡಿದ್ದು ಅಂತರ್ ಕಾಲೇಜು ಪಂದ್ಯಾವಳಿ. ನಿಲ್ಲಿಸಲ್ಲ. ನಡೆಸಿದರೇನೇ ಅವರ ಆತ್ಮಕ್ಕೆ ಶಾಂತಿ."

"ನಿನ್ನೆ ಸಂಜೆ ಮರಳಿನ ಕೋರ್ಟಲ್ಲಿ ಇದ್ದರಾ?"

"ಇಲ್ಲ ಇಲ್ಲ. ಹಾಲ್‌ನಲ್ಲಿ ಅಭ್ಯಾಸ ಮುಗಿಸಿ ನೇರ ಹೊರಟರು. ಬೇಕಾದರೆ ಅಸಿಸ್ಟೆಂಟನ್ನ ಕೇಳಿ."

ಅಸಿಸ್ಟೆಂಟ್ ಕೋಚ್ ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಎತ್ತರದ ಹುಡುಗಿ. ಸತ್ತವಳ ಕೈಯಲ್ಲೇ ಪಳಗಿದವಳು. ಕೋಚ್ ಅವಳಿಗೆ ಇಟ್ಟ ಹೆಸರು ಜಿರಾಫೆ.

"ಹೌದು" ಎಂದಳು ಜಿರಾಫೆ. "ಹಾಲ್‌ನಿಂದಲೇ ಹೋದ್ರು." ಮಾತಾಡುವಾಗ ತನ್ನ ಶೂಗಳನ್ನೇ ನೋಡುತ್ತಿದ್ದಳು.

ಹೊರಗೆ ಬರುವಷ್ಟರಲ್ಲಿ ದಫೇದಾರ ಟ್ಯಾಂಕರ್ ಡ್ರೈವರನನ್ನು ಕಾಲರ್ ಹಿಡಿದು ತಂದಿದ್ದ. "ಮುಂದಿನ ಲೈಟು ಒಡೆದಿದೆ ಮೇಡಂ!"

"ಅದು ಒಡೆದು ವಾರ ಆಯ್ತು ತಾಯಿ" ಎಂದ ಡ್ರೈವರ್. "ಗ್ಯಾರೇಜಿನವನ ಗೇಟಿಗೇ ಗುದ್ದಿದ್ದು. ರಿಪೇರಿಗೆ ಹೋಗಿ ರಿಪೇರಿ ತಂದ್ಕೊಂಡೆ. ನಿನ್ನೆ ರಾತ್ರಿಯೆಲ್ಲ ಟ್ಯಾಂಕರ್ ಅಲ್ಲೇ ಬಿದ್ದಿತ್ತು."

ಗ್ಯಾರೇಜಿನವನು ಬಗ್ಗಿದ ಗೇಟು ತೋರಿಸಿದ. ಬಯ್ಗುಳವನ್ನೂ ಸೇರಿಸಿ ಸಾಕ್ಷಿ ಹೇಳಿದ. ಡ್ರೈವರನನ್ನು ಬಿಟ್ಟರು.

* * *

ಮರಳಿನ ಕೋರ್ಟಿನ ಅಂಚಿನಲ್ಲಿ ಹುಡುಗಿಯರು ಸಾಲಾಗಿ ಕೂತಿದ್ದರು. ಚೆಂಡು ಮುಟ್ಟಿರಲಿಲ್ಲ. ಎಲ್ಲರ ಶೂಗಳೂ ಪಕ್ಕದಲ್ಲಿದ್ದವು. ಎಲ್ಲದರ ಲೇಸಿನಲ್ಲೂ ಎರಡು ಗಂಟಿನ ಗುರುತು, ಸಿಕ್ಕಿಸಿ ಸಿಕ್ಕಿಸಿ ಎಲ್ಲದರ ತುದಿಯೂ ಸುಕ್ಕು.

"ಲೇಸ್ ಹೀಗೇ ಯಾಕೆ ಕಟ್ತೀರಾ?"

"ಕೋಚಕ್ಕ ಕಲಿಸಿದ್ದು" ಎಂದಳು ನಾಯಕಿ. ತಂಡದಲ್ಲೇ ಗಿಡ್ಡ, ಹೆಸರು ಗುಬ್ಬಿ. "ತುದಿ ಜೋತು ಬಿದ್ರೆ ಹಾರಿ ಇಳಿಯುವಾಗ ತುಳಿದು ಬೀಳ್ತೀವಿ. ಅವರ ಕೈಯಲ್ಲಿ ಕಲಿತವರನ್ನ ಎಲ್ಲಿ ಕಂಡ್ರೂ ಗಂಟು ನೋಡಿ ಗುರುತು ಹಿಡೀಬಹುದು."

"ಈ ಕೋರ್ಟು ಯಾರು ಮಾಡಿಸಿದ್ದು?"

"ಮಾಡಿಸೋದಾ? ಅವರೇ ಮಾಡಿದ್ದು. ಮರಳು ಬೇಡಿ ತಂದು, ಹಿಂದಿನ ಬ್ಯಾಚಿನ ಅಕ್ಕಂದಿರ ಜೊತೆ ಜರಡಿ ಹಿಡಿದು, ಒಂದೊಂದೇ ಕಲ್ಲು ಆರಿಸಿದ್ರು. ಕಲ್ಲು ಆರಿಸಿದವಳೇ ಇಲ್ಲಿ ಡೈವ್ ಹೊಡೀಬಹುದು ಅಂತಿದ್ರು." ಗುಬ್ಬಿ ಮೂಗು ಒರೆಸಿಕೊಂಡಳು. "ಆದ್ರೆ ಇವತ್ತು ಆ ಕಡೆ ನಾನು ಡೈವ್ ಹೊಡೆಯಲ್ಲ ಮೇಡಂ. ಕಂಬ ಗೆರೆ ಹತ್ರ ಬಂದುಬಿಟ್ಟಿದೆ."

"ಕಂಬ ನಡೆದು ಬರುತ್ತಾ?"

"ನಡೆಯಲ್ಲ. ನೀವೇ ನೋಡಿ."

ನೆಟ್ಟಿನ ಎರಡೂ ಕಂಬ ಹೊಸವು. ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ. ಎಡಗಡೆಯದು ಗೆರೆಯಿಂದ ದೂರವಿತ್ತು. ಬಲಗಡೆಯದು ಹತ್ತಿರ.

"ನಿನ್ನೆ ಹಳೇವೇ ಇದ್ವು" ಎಂದಳು ಗುಬ್ಬಿ. "ಬುಡ ತುಕ್ಕು ಹಿಡಿದಿದೆ, ಬದಲಾಯಿಸಿ ಅಂತ ಕೋಚಕ್ಕ ಹೇಳ್ತಾನೇ ಇದ್ರು. ಹೊಸ ಕಂಬ ಸ್ಟೋರಲ್ಲಿ ಪ್ಲಾಸ್ಟಿಕ್ ಸುತ್ಕೊಂಡು ಮಲಗಿದ್ವು. ಮುಖ್ಯ ಅತಿಥಿ ಬಂದು ಉದ್ಘಾಟನೆ ಮಾಡೋವರೆಗೂ ನೆಡಬಾರದು ಅಂತ ಕಾರ್ಯದರ್ಶಿಗಳು."

"ನಿನ್ನೆ ಸಂಜೆ ಇಲ್ಲಿ ಯಾರಿದ್ದರು?"

"ನಾವೆಲ್ಲ ಇಲ್ಲೇ ಆಡಿದ್ವಿ. ಕತ್ತಲಾಗ್ತಾ ಬಂತು, ನಮ್ಮನ್ನ ಕಳಿಸಿದ್ರು. ನೆಟ್ ಬಿಗಿ ಮಾಡಿ ಬರ್ತೀನಿ ಅಂದ್ರು. ಜಿರಾಫೆ ಅಕ್ಕ ಜೊತೇಲಿ ಉಳಿದ್ರು."

ಹಾಲ್‌ನಿಂದಲೇ ಹೋದ್ರು. ಇನ್‌ಸ್ಪೆಕ್ಟರ್‌ಗೆ ಜಿರಾಫೆಯ ಆ ಮಾತು ನೆನಪಾಯಿತು.

ಅವಳು ಬೂಟು ಕಳಚಿದಳು, ಕಾಲುಚೀಲ ಕಳಚಿದಳು. ಪ್ಯಾಂಟು ಮೇಲಕ್ಕೆ ಮಡಿಸಿ ಮರಳಿಗೆ ಇಳಿದಳು. ಬಲಗಡೆ ಕಂಬದ ಸುತ್ತ ನಿಧಾನ ನಡೆದಳು. ಕಂಬದಿಂದ ತೋಳುದ್ದ ಆಚೆ ಹೆಬ್ಬೆರಳು ಏನಕ್ಕೋ ಎಡವಿತು. ಕಾಲಿನಿಂದ ಮರಳು ಸರಿಸಿದಳು. ಕಾಂಕ್ರೀಟಿನೊಳಗೆ ಕಚ್ಚಿಕೊಂಡ ಕಬ್ಬಿಣದ ಮೋಟು. ಮುರಿದ ಅಂಚು ಹೊಸದು, ಇನ್ನೂ ಹೊಳೆಯುತ್ತಿತ್ತು.

ಮರಳನ್ನು ಮತ್ತೆ ಮುಚ್ಚಿದಳು.

"ದಫೇದಾರ್ರೇ, ಇಲ್ಲೇ ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಯಾರೂ ಇಲ್ಲಿಗೆ ಬರಕೂಡದು. ಕಾರ್ಯದರ್ಶಿ ಕೂಡ."

* * *

ಜಿರಾಫೆ ಸ್ಟೋರಿನಲ್ಲಿ ಚೆಂಡಿಗೆ ಗಾಳಿ ಹೊಡೆಯುತ್ತಿದ್ದಳು. ಇನ್‌ಸ್ಪೆಕ್ಟರ್ ಅವಳ ಮುಂದೆ ಫೋಟೊ ಇಟ್ಟಳು. ಎಡಗಾಲಿನ ಶೂ. ಎರಡು ಗಂಟು. ಸಿಕ್ಕಿಸಿದ ತುದಿ.

"ಇದು ನಿಮ್ಮ ತಂಡದ ಗಂಟು. ನಿಮ್ಮ ಕೋಚಿಗೆ ಇದನ್ನ ಕಲಿಸೋಕೆ ಬರ್ತಿತ್ತು, ಕಟ್ಟೋಕೆ ಬರ್ತಿರಲಿಲ್ಲ. ಹೆಬ್ಬೆರಳು ಮಡಚ್ತಿರಲಿಲ್ಲ."

ಪಂಪು ನಿಂತಿತು.

"ಎಲ್ಲಾ ಹುಡುಗೀರಿಗೂ ಬರುತ್ತೆ" ಎಂದಳು ಜಿರಾಫೆ.

"ಹುಡುಗೀರು ಹಾಸ್ಟೆಲ್‌ನಲ್ಲಿದ್ದರು. ನೀವೊಬ್ಬರೇ ಉಳಿದಿದ್ದು."

ಜಿರಾಫೆ ಅಷ್ಟೆತ್ತರದಿಂದ ಕುಸಿದು ಚೆಂಡಿನ ಚೀಲದ ಮೇಲೆ ಕೂತಳು.

"ನೆಟ್ ಬಿಗಿ ಬರ್ತಿಲ್ಲ ಅಂತ ಕೋಚಕ್ಕ ಕಂಬದ ಹಿಡಿ ಇನ್ನೊಂದು ಸುತ್ತು ತಿರುಗಿಸಿದ್ರು. ಕಂಬ ಬುಡದಲ್ಲೇ ಮುರೀತು. ತಲೆ ಮೇಲೆ..."

"ಆಂಬುಲೆನ್ಸಿಗೆ ಯಾಕೆ ಫೋನ್ ಮಾಡಲಿಲ್ಲ?"

"ಏನೇ ಆದ್ರೂ ಮೊದಲು ಕಾರ್ಯದರ್ಶಿಗೆ ಹೇಳ್ಬೇಕು. ಇಲ್ಲಿ ಹಾಗೇ ರೂಢಿ. ಅವರಿಗೆ ಮಾಡ್ದೆ. ಯಾರಿಗೂ ಹೇಳ್ಬೇಡ, ಬರ್ತೀನಿ ಅಂದ್ರು. ಕಾಯ್ದೆ. ಕೋಚಕ್ಕನ ತಲೆ ತೊಡೆ ಮೇಲೆ ಇಟ್ಕೊಂಡು ಕಾಯ್ದೆ. ಬಂದು ನೋಡಿ, ಹೋಗಿಬಿಟ್ಟಿದ್ದಾರೆ ಅಂದ್ರು. ಗೇಟಿನ ಒಳಗೆ ಸತ್ತರು ಅಂದ್ರೆ ಕಾಲೇಜಿನ ಮಾನ ಹೋಗುತ್ತೆ, ಪಂದ್ಯಾವಳಿ ನಿಲ್ಲುತ್ತೆ, ನಿನ್ನ ಕೆಲಸವೂ ಇರಲ್ಲ ಅಂದ್ರು. ಕೇಳಿದ್ರೆ ನಿನ್ನನ್ನ ಕಾಯಂ ಮಾಡ್ತೀನಿ ಅಂದ್ರು. ಬರಿಗಾಲಲ್ಲಿ ರಸ್ತೆಗೆ ಹಾಕೋಕಾಗಲ್ಲ, ಶೂ ಹಾಕು ಅಂದ್ರು."

"ಸಡಿಲವಾಗಿದ್ದ ಲೇಸನ್ನ ಬಿಚ್ಚಿದ್ದು ಯಾಕೆ?"

"ಕಾಲು ಒಳಗೆ ಹೋಗ್ತಿರಲಿಲ್ಲ. ಸೋತ ಕಾಲು ಮೇಡಂ, ಅದು ತಾನಾಗಿ ಹೋಗಲ್ಲ. ಬಿಚ್ಚಿ ಹಾಕಿ ಮತ್ತೆ ಕಟ್ಟಿದೆ. ಕೈ ತಾನಾಗೇ ಹಾಗೆ ಕಟ್ತು." ತನ್ನ ಕೈಗಳನ್ನು ನೋಡಿಕೊಂಡಳು. "ಎಡಗಾಲಿಗೆ ಕಟ್ತಿದ್ದೆ. ಆಗ ಕಾಲು ಅಲುಗ್ತು."

"ಅವರಿಗೆ ಹೇಳಿದ್ರಾ?"

"ಹೇಳ್ದೆ. ಸತ್ತ ಮೇಲೂ ನರ ಎಳೆಯುತ್ತೆ, ಬೇಗ ಮುಗಿಸು ಅಂದ್ರು." ಜಿರಾಫೆ ಫೋಟೊವನ್ನು ಬೋರಲು ಹಾಕಿದಳು. "ನಾನು ಬಲಗಾಲಿಗೂ ಕಟ್ಟಿದೆ."

* * *

ಪಂದ್ಯಾವಳಿಯ ಬೆಳಿಗ್ಗೆ. ಹಾಲ್‌ನ ಬಾಗಿಲಿಗೆ ಬಟ್ಟೆಯ ಕಮಾನು. ಒಳಗೆ ಅತಿಥಿಗಳು ಕೂತಾಗಿತ್ತು, ಮೈಕು ಕೊಸರಾಡುತ್ತಿತ್ತು. ಹೊರಗೆ ಮರಳಿನ ಕೋರ್ಟಿನಲ್ಲಿ ದಫೇದಾರ ಸಲಿಕೆ ಹಿಡಿದು ಅಗೆಯುತ್ತಿದ್ದ. ಕಾರ್ಯದರ್ಶಿ ಎದೆಯ ಬ್ಯಾಡ್ಜು ಕುಣಿಸುತ್ತ ಓಡಿ ಬಂದರು. ಅಷ್ಟರಲ್ಲಿ ಕಬ್ಬಿಣದ ಮೋಟು ಪೂರ್ತಿ ಕಾಣುತ್ತಿತ್ತು.

"ಇಲ್ಲಿ ಸತ್ತಿದ್ದು" ಎಂದಳು ಇನ್‌ಸ್ಪೆಕ್ಟರ್. ಅಂಚಿನಲ್ಲಿ ನಿಂತಿದ್ದ ಅಕ್ಕನಿಗೆ ಕೇಳುವ ಹಾಗೆ ಹೇಳಿದಳು. "ಬೆರಳ ಸಂದಿಯ ಮರಳು ಅವರು ಎಲ್ಲಿದ್ದರು ಅಂತ ಹೇಳ್ತು. ತೊಳೆಯದ ಕಾಲಿಗೆ ಅವರು ಶೂ ಹಾಕ್ಕೊಳಲ್ಲ, ಹಾಗಾಗಿ ಹಾಕಿದ್ದು ಬೇರೆಯವರು. ಗಂಟು ಯಾರ ಕೈ ಅಂತ ಹೇಳ್ತು. ಮುರಿದ ಮೋಟು ಕಿತ್ತು ಬರಲಿಲ್ಲ, ಅದಕ್ಕೇ ರಾತ್ರೋರಾತ್ರಿ ಹೊಸ ಕಂಬ ಪಕ್ಕದಲ್ಲಿ ನೆಡಿಸಿದಿರಿ. ನಿಮ್ಮ ಕಾರಿನ ಹಿಂದಿನ ಸೀಟಿನ ಕೆಳಗೂ ಇದೇ ಮರಳು ಸಿಕ್ಕಿದೆ. ರಕ್ತವೂ ಇದೆ. ನಿಮ್ಮ ಅಸಿಸ್ಟೆಂಟ್ ಎಲ್ಲಾ ಬರೆದುಕೊಟ್ಟಿದ್ದಾರೆ, ತನ್ನ ತಪ್ಪನ್ನೂ ಸೇರಿಸಿ."

"ಅದು ಅಪಘಾತ ರೀ! ಕಂಬ ನಾನು ಬೀಳಿಸಿದ್ನಾ?"

"ಕಂಬ ತುಕ್ಕು ಬೀಳಿಸ್ತು. ಹೊಸದನ್ನ ಪ್ಲಾಸ್ಟಿಕ್‌ನಲ್ಲಿ ಮಲಗಿಸಿದ್ದು ನೀವು. ಜೀವ ಇದ್ದವರನ್ನ ಆಸ್ಪತ್ರೆಗೆ ಒಯ್ಯದೆ ಇಲ್ಲೇ ಮಲಗಿಸಿದ್ದೂ ನೀವು. ಜೀಪು ಹತ್ತಿ."

ಕಾರ್ಯದರ್ಶಿ ಸುತ್ತ ನೋಡಿದರು. ಹುಡುಗಿಯರು ಮರಳಿನಲ್ಲಿ ಬರಿಗಾಲಲ್ಲಿ ನಿಂತಿದ್ದರು. ಅವರ ನಡುವೆ ಅಕ್ಕ, ಅವಳೂ ಬರಿಗಾಲಲ್ಲಿ. ಹಾಲ್‌ನೊಳಗೆ ಮೈಕು ತಂಡದ ಹೆಸರು ಕರೆಯಿತು.

"ಏನ್ ನೋಡ್ತಾ ನಿಂತಿದೀರಾ?" ಕಾರ್ಯದರ್ಶಿ ಕಿರುಚಿದರು. "ಅತಿಥಿಗಳು ಕಾಯ್ತಿದ್ದಾರೆ. ಕಾಲು ತೊಳ್ಕೊಂಡು, ಶೂ ಹಾಕ್ಕೊಂಡು ಒಳಗೆ ಹೋಗಿ. ಹೂಂ, ನಡೀರಿ!"

ಯಾರೂ ನಲ್ಲಿಯ ಕಡೆ ತಿರುಗಲಿಲ್ಲ.

"ಗುಬ್ಬಿ, ನಿನಗೇ ಹೇಳಿದ್ದು. ಕಾಲು ತೊಳಿ."

ಗುಬ್ಬಿ ತಲೆ ಎತ್ತಿದಳು.

"ಕೋಚಕ್ಕನ ಕಾಲು ನೀವು ತೊಳೆದ್ರಾ ಸರ್?"

ಕಾರ್ಯದರ್ಶಿ ಎದೆಯ ಬ್ಯಾಡ್ಜು ಸರಿಮಾಡಿಕೊಂಡರು.

"ನಾವೂ ತೊಳೆಯಲ್ಲ" ಎಂದಳು ಗುಬ್ಬಿ. ಮರಳಿನ ಮೇಲೆ, ಆ ಮೋಟಿನ ಪಕ್ಕದಲ್ಲಿ, ಕೂತಳು.